ಗ್ರೀಸಕ್ಕ ಮೂರನೇ ಏರು ಹತ್ತಿದ್ದು

ಗ್ರೀಸಕ್ಕನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ಕಲ್ಲುಕ್ವಾರಿಯ ಜನಕ್ಕೆ ಆಕ್ಸಲ್ ಶೆಡ್ಡಿನ ಗೋಡೆ ನೋಡಿದರೆ ತಿಳಿಯುತ್ತಿತ್ತು. ಬೇರೆ ದಿನ ಸ್ಪ್ಯಾನರುಗಳು ಬೆಂಚಿನ ಮೇಲೆ, ಲಾರಿಯಡಿಯಲ್ಲಿ, ಅವಳ ಸೊಂಟದಲ್ಲಿ ಎಲ್ಲೆಂದರಲ್ಲಿ ಇರುತ್ತಿದ್ದವು. ಸಿಟ್ಟು ಬಂದ ದಿನ ಮಾತ್ರ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಗೋಡೆಯ ಮೊಳೆಗಳಿಗೆ ನೇತುಹಾಕುತ್ತಿದ್ದಳು. ಆ ಬುಧವಾರ ಬೆಳಿಗ್ಗೆ ಗೋಡೆ ತುಂಬಿತ್ತು. ಶೆಡ್ಡಿನ ಬಾಗಿಲವರೆಗೆ ಬಂದ ಇಬ್ಬರು ಡ್ರೈವರುಗಳು ಗೋಡೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದ ಕೆಲಸ ಹೇಳದೆ ವಾಪಸು ಹೋದರು.

ಬೆಂಚಿನ ಮೇಲೆ, ಹಲ್ಲು ಮುರಿದ ಗೇರೊಂದರ ಅಡಿಯಲ್ಲಿ, ಮ್ಯಾನೇಜರ ಕಚೇರಿಯಿಂದ ಬಂದ ಹಾಳೆ ಇತ್ತು. ಅದರಲ್ಲಿದ್ದದ್ದು ಮೂರು ವಾಕ್ಯ. ಲಾರಿಯ ಆಕ್ಸಲ್ ಭಾಗದಲ್ಲಿ ಯಾವ ದೋಷವೂ ಇರಲಿಲ್ಲ. ಎಲೆಕ್ಟ್ರಾನಿಕ್ ಟ್ರ್ಯಾಕ್ಷನ್ ಕಂಟ್ರೋಲ್ ಸುಸ್ಥಿತಿಯಲ್ಲಿತ್ತು. ಏರಿನ ನಡುವೆ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ಅಪಘಾತಕ್ಕೆ ಕಾರಣ. ಕೆಳಗೆ ಆಕ್ಸಲ್ ಶೆಡ್ಡಿನ ಮುಖ್ಯಸ್ಥರ ರುಜುವಿಗೆ ಜಾಗ ಬಿಟ್ಟಿತ್ತು. ಗುರುವಾರ ಹನ್ನೊಂದಕ್ಕೆ ವಿಚಾರಣೆ, ಅಷ್ಟರೊಳಗೆ ರುಜು ಬೇಕು.

ಒಂದೊಂದು ವಾಕ್ಯವೂ ನಿಜ. ಒಟ್ಟು ಕಾಗದ ಮಾತ್ರ ಹಸಿ ಸುಳ್ಳು. ಅವಳ ನೆತ್ತಿ ಕಾದದ್ದು ಅದಕ್ಕೇ. ನೇರವಾಗಿ ಸುಳ್ಳು ಹೇಳುವವನ ಕೊರಳಪಟ್ಟಿ ಹಿಡಿಯಬಹುದು, ನಿಜವನ್ನು ಇಟ್ಟಿಗೆಯ ಹಾಗೆ ಜೋಡಿಸಿ ಸುಳ್ಳಿನ ಗೋಡೆ ಕಟ್ಟುವವನನ್ನು ಹಿಡಿಯುವುದು ಎಲ್ಲಿ?

ಆ ಚಾಲಕ ಅವಳ ಗಂಡನ ತಮ್ಮ. ಆರಡಿ ಮೂರಿಂಚು ಇದ್ದದ್ದರಿಂದ ಕ್ವಾರಿಯಲ್ಲಿ ಎಲ್ಲರಿಗೂ ಉದ್ದಣ್ಣ. ಹತ್ತು ದಿನದ ಕೆಳಗೆ, ಮಳೆ ನಿಂತ ಬೆಳಿಗ್ಗೆ, ಹೊಸ ಲಾರಿಯಲ್ಲಿ ಕಲ್ಲು ತುಂಬಿಕೊಂಡು ಮೂರನೇ ಏರು ಹತ್ತುತ್ತಿದ್ದ. ಆ ಏರು ಕ್ವಾರಿಯ ತಳದಿಂದ ಮೇಲಿನ ರಸ್ತೆಗೆ ಬರುವ ಕೊನೆಯ ದಾರಿ. ಕಲ್ಲುಪುಡಿ ನೀರು ಕುಡಿದು ಸೋಪಿನ ಹಾಗೆ ಆಗಿತ್ತು. ಹಿಂದಿನ ಚಕ್ರ ಸುತ್ತತೊಡಗಿತು. ಉದ್ದಣ್ಣ ಕಾಲೆತ್ತಿದ. ಲಾರಿ ನಿಂತಿತು, ಆಮೇಲೆ ಬ್ರೇಕ್ ಹಿಡಿದರೂ ಕೇಳದೆ ಹಿಂದಕ್ಕೆ ಜಾರಿ, ದಿಬ್ಬಕ್ಕೆ ಗುದ್ದಿ, ಬಲಕ್ಕೆ ಮಗುಚಿತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಈಗ ಅವನು ಆಸ್ಪತ್ರೆಯ ಮಂಚದಲ್ಲಿದ್ದ. ಅಂಥ ಉದ್ದದ ಆಳಿಗೆ ಮಂಚವೊಂದು, ಒಂದು ಕಡೆಯಾದರೂ, ಮೊದಲ ಸಲ ಸರಿಹೋಗಿತ್ತು.

ಕ್ವಾರಿಯ ಕಟ್ಟಳೆಯೊಂದಿತ್ತು. ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಲಾರಿ ತೂಗುವ ತೂಕದ ಕಟ್ಟೆಯಲ್ಲಿ ಕೂತು ಮಾಡುವ ಕೆಲಸ ಕೊಡಬೇಕು. ಆದರೆ ತಪ್ಪು ಅವನದೇ ಎಂದಾದರೆ ವಜಾ. ಕ್ವಾರ್ಟರ್ಸಿನ ಮನೆಯೂ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ. ಅಂದರೆ ಉದ್ದಣ್ಣನ ಉಳಿದ ಬಾಳು ಗ್ರೀಸಕ್ಕನ ರುಜುವಿಗಾಗಿ ಬಿಟ್ಟಿದ್ದ ಆ ಎರಡಿಂಚು ಜಾಗದಲ್ಲಿತ್ತು.

ಅವಳನ್ನು ಸುಡುತ್ತಿದ್ದ ಇನ್ನೊಂದು ಸಂಗತಿಯೂ ಇತ್ತು. ಚಕ್ರ ಸುತ್ತಿದ ಕೂಡಲೇ ಕಾಲೆತ್ತಬೇಕು ಎಂದು ಉದ್ದಣ್ಣನಿಗೆ ಕಲಿಸಿದವಳು ಅವಳೇ.

ಅವಳು ಶೆಡ್ಡಿಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನಿಗೆ ಸೊಂಟ ಹಿಡಿದುಕೊಂಡಾಗ ಒಂದು ವಾರದ ಮಟ್ಟಿಗೆ ಎಂದು ಬಂದವಳು. ಆ ವಾರ ಮುಗಿಯದೆ ಮೂವತ್ತಮೂರು ವರ್ಷವಾಯಿತು. ಆಗಿನ ಮ್ಯಾನೇಜರ್ ಮೂಗು ಮುರಿದು, "ಹೆಂಗಸು ಲಾರಿ ಅಡಿಯಲ್ಲಿ ಮಲಗೋದಾ?" ಅಂದಿದ್ದ. "ನೀವು ಕುರ್ಚಿ ಮೇಲೆ ಮಲಗೋದಿಲ್ವಾ ಸಾರ್? ಹಾಗೇ," ಅಂದಿದ್ದಳು. ಕೆಲಸ ಖಾಯಂ ಆದದ್ದು ಆ ಮ್ಯಾನೇಜರ್ ಹೋದ ಮೇಲೆ.

ಹಳೆಯ ಲಾರಿಗಳಲ್ಲಿ ಡಿಫರೆನ್ಷಿಯಲ್ ಲಾಕ್ ಇತ್ತು. ಸೀಟಿನ ಪಕ್ಕ ಅದನ್ನು ಹಾಕಲು ಎಳೆಯುವ ಒಂದು ಗುಬುಟು. ಹೊಸದಾಗಿ ಸೇರಿದ ಡ್ರೈವರನ್ನು ಮೊದಲು ಗ್ರೀಸಕ್ಕನ ಹತ್ತಿರ ಕಳಿಸುತ್ತಿದ್ದರು. ಅವಳು ಜ್ಯಾಕ್ ಮೇಲೆ ಲಾರಿ ಎತ್ತಿ ಪಾಠ ಮಾಡುತ್ತಿದ್ದಳು.

"ನೋಡು, ಎಂಜಿನ್ ಶಕ್ತಿ ಬಂದು ಇಲ್ಲಿ ಎರಡು ಪಾಲಾಗುತ್ತೆ. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ಓಡಬೇಕಲ್ಲ, ಅದಕ್ಕೆ. ಆದ್ರೆ ಒಂದು ಚಕ್ರ ಕೆಸರಿಗೆ ಬಿತ್ತು ಅನ್ನು. ಅದು ಹುಚ್ಚು ಹಿಡಿದ ಹಾಗೆ ಸುತ್ತುತ್ತೆ. ಗಟ್ಟಿ ನೆಲದ ಮೇಲಿರೋ ಇನ್ನೊಂದು, ಮಾವನ ಮನೆಗೆ ಬಂದ ಅಳಿಯನ ಹಾಗೆ, ಅಲುಗಾಡದೆ ಕೂತಿರುತ್ತೆ. ಲಾಕ್ ಹಾಕಿದ್ಯೋ, ಇಬ್ಬರ ಕಾಲಿಗೂ ಒಂದೇ ಹಗ್ಗ. ಒಬ್ಬ ನಡೆದ್ರೆ ಇನ್ನೊಬ್ಬನೂ ನಡೀಲೇಬೇಕು."

"ಸುತ್ತುತಾ ಇರುವಾಗಲೇ ಹಾಕಬಹುದಾ ಅಕ್ಕ?"

"ಹಾಕು. ಒಳಗಿನ ಹಲ್ಲೆಲ್ಲ ಉದುರುತ್ತೆ. ಆಮೇಲೆ ನಿನ್ನ ಹಲ್ಲು ನಾನು ಉದುರಿಸ್ತೀನಿ. ಚಕ್ರ ಸುತ್ತಿತು ಅಂದ್ರೆ ಮೊದಲು ಕಾಲೆತ್ತು. ನಿಲ್ಲಿಸು. ಲಾಕ್ ಎಳಿ. ಆಮೇಲೆ ಮೆಲ್ಲಗೆ ಹತ್ತು. ಏನಂದೆ?"

"ಕಾಲೆತ್ತು, ನಿಲ್ಲಿಸು, ಲಾಕ್ ಎಳಿ."

ಲಾಕಿಗೂ ತನ್ನ ಕೊಬ್ಬಿತ್ತು. ಅದನ್ನು ಬಿಡಿಸುವುದು ಮರೆತು ಗಟ್ಟಿ ರಸ್ತೆಯಲ್ಲಿ ತಿರುಗಿಸಿದರೆ ಲಾರಿ ಸ್ಟಿಯರಿಂಗಿನ ಮಾತು ಕೇಳದೆ ನೆಟ್ಟಗೆ ಹೋಗುತ್ತದೆ, ಇಲ್ಲವೇ ಆಕ್ಸಲ್ ಮುರಿಯುತ್ತದೆ. ಹಾಗೆ ಹನ್ನೊಂದು ಆಕ್ಸಲ್ ಮುರಿದ ಮೇಲೆ ಗ್ರೀಸಕ್ಕ ಒಂದು ಪದ್ಧತಿ ಮಾಡಿದಳು. ಲಾಕ್ ಎಳೆದ ತಕ್ಷಣ ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು, ಬಿಡಿಸಿದ ಮೇಲೆಯೇ ಬಿಚ್ಚಬೇಕು. ಹಳೆಯ ಸೀರೆ ಹರಿದು ಅವಳೇ ಹಂಚುತ್ತಿದ್ದಳು. ಎಷ್ಟೋ ಡ್ರೈವರುಗಳು ಅವಳ ಸೀರೆಯ ಬಣ್ಣ ನೋಡಿದ್ದು ಸ್ಟಿಯರಿಂಗಿನಲ್ಲೇ. ಮೈಮೇಲೆ ಅವಳು ತೊಡುತ್ತಿದ್ದದ್ದು ಯಾವಾಗಲೂ ಖಾಕಿ.

ಎಂಟು ತಿಂಗಳ ಹಿಂದೆ ಹೊಸ ಲಾರಿ ತೋರಿಸಲು ಮಾರಾಟಗಾರರು ಬಂದರು. ಅಂಗಳದ ಕಾಂಕ್ರೀಟಿನ ಮೇಲೆ ಲಾರಿ ನಿಲ್ಲಿಸಿ, ಎಡಚಕ್ರಗಳ ಅಡಿಗೆ ಕಬ್ಬಿಣದ ಉರುಳೆಗಳನ್ನಿಟ್ಟರು. ಚಕ್ರ ಅರೆಗಳಿಗೆ ಸುತ್ತಿತು, ಒಳಗಿನಿಂದ ಕಟಕಟ ಸದ್ದು ಬಂತು, ಲಾರಿ ಉರುಳೆ ದಾಟಿ ಮುಂದೆ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಗ್ರೀಸಕ್ಕ ಅಡಿಗೆ ತೂರಿ ನೋಡಿದಳು. ಪ್ರತಿ ಚಕ್ರಕ್ಕೂ ಸೆನ್ಸರು. ಯಾವುದು ಸುತ್ತುತ್ತದೋ ಅದಕ್ಕೆ ಮಾತ್ರ ತಾನಾಗಿ ಬ್ರೇಕ್ ಬೀಳುತ್ತದೆ, ಆಗ ಶಕ್ತಿ ಸುಮ್ಮನೆ ಕೂತ ಚಕ್ರದ ಕಡೆ ತಿರುಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಅಂದರೆ ಇದೇ, ಸುತ್ತುವವನ ಕಿವಿ ಹಿಂಡಿ ಕೂತವನನ್ನು ಎಬ್ಬಿಸುವ ಉಪಾಯ. ಜಾಣ ಕೆಲಸ. ಅವಳಿಗೆ ಹಿಡಿಸಿತ್ತು.

"ಲಾಕ್ ಎಲ್ಲಿ?" ಎಂದು ಕೇಳಿದಾಗ ಮಾರಾಟಗಾರ ನಕ್ಕಿದ್ದ. "ಅದೆಲ್ಲ ಹಳೇ ಕಾಲದ್ದು ಅಕ್ಕ. ಇದಕ್ಕೆ ತಲೆ ಇದೆ."

ಅವರು ಕೊಟ್ಟ ಬಿಸ್ಕತ್ತು ತಿಂದು, 'ತೃಪ್ತಿಕರ' ಎಂಬಲ್ಲಿ ಅವಳು ರುಜು ಹಾಕಿದ್ದಳು.

ಒಂಬತ್ತು ಲಾರಿ ಬಂದವು. ತರಬೇತಿ ಅಂದರೆ ಕ್ಯಾಂಟೀನಿನ ಗೋಡೆಯ ಮೇಲೆ ಅರ್ಧ ಗಂಟೆ ವೀಡಿಯೊ. ಕಿಟಕಿಗೆ ಪರದೆ ಇಲ್ಲದ್ದರಿಂದ ಗೋಡೆಯಲ್ಲಿ ಬೆಳ್ಳಗೆ ಏನೋ ಅಲುಗಾಡಿತು. ಭಾಷೆಯೂ ಇವರದಲ್ಲ. ಡ್ರೈವರುಗಳು ಟೀ ಕುಡಿದು ಎದ್ದರು. ಲಾಕ್ ಇಲ್ಲದ ಲಾರಿಯ ಸ್ಟಿಯರಿಂಗಿಗೂ ಕೆಲವರು ರೂಢಿಯಂತೆ ಕೆಂಪು ಬಟ್ಟೆ ಕಟ್ಟಿಕೊಂಡರು.

ಬುಧವಾರ ಮಧ್ಯಾಹ್ನ ಅವಳು ಹಾಳೆ ಹಿಡಿದು ಮ್ಯಾನೇಜರ ಕೋಣೆಗೆ ನುಗ್ಗಿದಳು. ಅಲ್ಲಿ ಲಾರಿ ಕಂಪನಿಯ ಎಂಜಿನಿಯರ್ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ.

"ನೋಡಮ್ಮ, ನಿನ್ನ ಮೈದುನ ಅಂತ ನನಗೂ ಸಂಕಟ ಇದೆ," ಎಂದರು ಮ್ಯಾನೇಜರ್.

"ಸಂಕಟ ಇದ್ರೆ ಮೂರನೇ ವಾಕ್ಯ ತೆಗೀರಿ ಸಾರ್."

"ಕಂಪ್ಯೂಟರ್ ಹೇಳಿದ್ದನ್ನ ನಾನು ಹೇಗೆ ತೆಗೀಲಿ?"

ಎಂಜಿನಿಯರ್ ಪರದೆಯನ್ನು ಅವಳತ್ತ ತಿರುಗಿಸಿದ. ಬೆಟ್ಟದ ಹಾಗೆ ಏರಿದ ಗೆರೆ ಒಂದು ಕಡೆ ಬಾವಿಗೆ ಬಿದ್ದಂತೆ ಇಳಿದಿತ್ತು. "ಇಲ್ಲಿ ನೋಡಿ ಮೇಡಂ. ಹತ್ತು ನಲವತ್ತೆರಡಕ್ಕೆ ಪೆಡಲ್ ಸೊನ್ನೆ. ಕಾಲು ಎತ್ತಿಬಿಟ್ರು. ಚಕ್ರ ಸುತ್ತಿದ್ರೇ ಸಿಸ್ಟಮ್‌ಗೆ ಗೊತ್ತಾಗೋದು. ಆಗ ಒತ್ತಿ ಹಿಡಿದಿರಬೇಕು. ಎತ್ತಿದ್ರೆ ಅದು ಕೆಲಸ ಮಾಡಲ್ಲ."

"ಇದನ್ನ ಅವನಿಗೆ ಯಾರು ಹೇಳಿದ್ರು?"

"ತರಬೇತಿಯಲ್ಲಿ ಹೇಳಿದ್ದಾರೆ."

"ಕ್ಯಾಂಟೀನ್ ಗೋಡೆ ಮೇಲೆ ಬಿಳೀ ದೆವ್ವ ಕುಣಿಸಿದ್ರಲ್ಲ, ಅದಾ? ಅವನಿಗೆ ಕಾಲೆತ್ತು ಅಂತ ಹೇಳಿಕೊಟ್ಟಿದ್ದು ನಾನು. ಇಪ್ಪತ್ತು ವರ್ಷ ಎತ್ತಿದ್ದಾನೆ, ಇಪ್ಪತ್ತು ವರ್ಷ ಸರಿಯಾಗಿತ್ತು. ಲಾರಿ ಬದಲಾಯಿಸಿದೋರು ನೀವು. ಕಾಲು ಕಳಕೊಂಡೋನ ತಲೆ ಮೇಲೆ ಗೂಬೆ ಕೂರಿಸ್ತೀರಾ?"

ಮ್ಯಾನೇಜರ್ ಕಡತ ತೆರೆದು ಇನ್ನೊಂದು ಹಾಳೆ ತೆಗೆದು ಅವಳ ಮುಂದೆ ಇಟ್ಟರು. 'ತೃಪ್ತಿಕರ'. ಅದರ ಕೆಳಗೆ ಅವಳದೇ ಸೊಟ್ಟ ರುಜು, ಹೆಬ್ಬೆರಳಿನ ಗ್ರೀಸ್ ಗುರುತಿನ ಸಮೇತ.

"ಒಪ್ಪಿದವಳು ನೀನೇ ಅಲ್ವಾ?" ಎಂದರು.

ಅವಳಿಗೆ ತನ್ನ ಕೈಯನ್ನೇ ಕಬ್ಬಿಣ ಬಿಗಿಯುವ ವೈಸ್‌ಗೆ ಕೊಟ್ಟು ತಿರುಗಿಸಬೇಕು ಅನ್ನಿಸಿತು. ಒಂದು ಬಿಸ್ಕತ್ತಿಗೆ, ಒಂದು ಚಪ್ಪಾಳೆಗೆ ಹಾಕಿದ ರುಜು. ಏರಿಗೆ ಒಯ್ದು ತೋರಿಸಿ ಎಂದು ಅವತ್ತು ಯಾಕೆ ಬಾಯಿ ಬಿಡಲಿಲ್ಲ?

"ಹಾಕಿದ್ದೀನಿ," ಅಂದಳು. "ಒಣ ಅಂಗಳದಲ್ಲಿ ಐದು ನಿಮಿಷ ನೋಡಿದ್ದಕ್ಕೆ ಹಾಕಿದ್ದೀನಿ. ಏರಿನ ಮೇಲೆ ನೋಡಿದ್ದಕ್ಕೆ ನಾಳೆ ಹಾಕ್ತೀನಿ. ಬೆಳಿಗ್ಗೆ ಎಂಟು ಗಂಟೆ, ಅದೇ ಏರು, ಅಷ್ಟೇ ಕಲ್ಲು, ಅಂಥದ್ದೇ ಲಾರಿ. ನಾನು ಓಡಿಸ್ತೀನಿ. ಈ ಸಾಹೇಬ್ರು ಪಕ್ಕದಲ್ಲಿ ಕೂತು ಕಾಲು ಹೇಗಿಡಬೇಕು ಅಂತ ಹೇಳಿಕೊಡ್ಲಿ. ಲಾರಿ ಮೇಲೆ ಹೋದ್ರೆ ನಿಮ್ಮ ಮೂರೂ ವಾಕ್ಯಕ್ಕೆ ನನ್ನ ರುಜು."

"ಇದೇನು ಸರ್ಕಸ್ಸಾ?" ಎಂದರು ಮ್ಯಾನೇಜರ್.

ಎಂಜಿನಿಯರಿಗೆ ತನ್ನ ಯಂತ್ರದ ಬಗ್ಗೆ ಅಭಿಮಾನವಿತ್ತು. "ಹತ್ತುತ್ತೆ ಸಾರ್. ಕಾಲು ಎತ್ತದಿದ್ರೆ ಖಂಡಿತ ಹತ್ತುತ್ತೆ. ನಾನು ಕೂರ್ತೀನಿ," ಅಂದ.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಜಲ್ಲಿ ಯಂತ್ರದ ಪಕ್ಕ ಇಪ್ಪತ್ತು ವರ್ಷ ನಿಂತು ಕಿವಿ ಮಂದವಾದವನು. ಅವರ ಮನೆಯ ಗುಟ್ಟು ಕ್ವಾರ್ಟರ್ಸಿನ ಎರಡೂ ಸಾಲಿಗೆ ಕೇಳುತ್ತಿತ್ತು.

"ಹತ್ತಿಬಿಟ್ರೆ?" ಎಂದು ಅವನು ಕೂಗಿದ.

"ಏನು?"

"ಲಾರಿ ಹತ್ತಿಬಿಟ್ರೆ ಏನೇ ಮಾಡ್ತೀಯ? ನನ್ನ ತಮ್ಮನ್ನ ನಿನ್ನ ಕೈಯಾರೆ ಬೀದಿಗೆ ಹಾಕ್ತೀಯಾ?"

ಅವಳು ತಟ್ಟೆಯನ್ನು ಕುಕ್ಕಿದಳು. ಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡಿದರು, ಮುಂದಿನ ಮಾತು ಕೇಳಲು. ಮುಂದಿನ ಮಾತು ಬರಲಿಲ್ಲ.

ಗುರುವಾರ ಎಂಟಕ್ಕೆ ಏರಿನ ಬುಡದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ರಾತ್ರಿ ಮಳೆ ಸುರಿದು ಬಿಟ್ಟಿತ್ತು. ಅವಳು ಹುಚ್ಚುಧೈರ್ಯದವಳಲ್ಲ. ಏರಿನ ತಲೆಯಲ್ಲಿ ಬುಲ್ಡೋಜರ್ ನಿಲ್ಲಿಸಿ, ಅದರ ಹಗ್ಗ ಸುತ್ತುವ ವಿಂಚಿನಿಂದ ತಂತಿಹಗ್ಗ ಇಳಿಬಿಟ್ಟು ಲಾರಿಯ ಮುಂದಿನ ಕೊಕ್ಕೆಗೆ ಹಾಕಿಸಿದ್ದಳು. ಬುಲ್ಡೋಜರ್ ನಡೆಸುವ ಮುದುಕನಿಗೆ ಎಲ್ಲರೂ ತಾತ ಅನ್ನುತ್ತಿದ್ದರು.

"ತಾತ, ಹಗ್ಗ ಸಡಿಲ ಇರ್ಲಿ. ನಾನು ಬಂದಷ್ಟೂ ಸುತ್ತಿಕೋ. ಎಳೆದ್ಯೋ, ನಿನ್ನ ಗಡ್ಡ ಕಿತ್ತು ಕೈಗೆ ಕೊಡ್ತೀನಿ. ಜಾರಿದ್ರೆ ಮಾತ್ರ ಹಿಡಿ."

"ಗಡ್ಡ ಕೀಳೋಕಾದ್ರೂ ಮೇಲೆ ಬಂದು ಸೇರು," ಅಂದ ತಾತ.

ಲಾರಿ ಹೊರಟಿತು. ಎಂಜಿನಿಯರ್ ಬೆಲ್ಟ್ ಬಿಗಿದು ಕೂತಿದ್ದ. ಇಪ್ಪತ್ತು ಮಾರು ಹೋಗುತ್ತಲೇ ಎಡ ಹಿಂಚಕ್ರ ಸುತ್ತಿತು.

"ಒತ್ತಿ. ಎತ್ತಬೇಡಿ."

ಎತ್ತಬಾರದು ಎಂದು ಗೊತ್ತಿದ್ದೂ ಅವಳ ಪಾದ ತಾನಾಗಿ ಮೇಲೇಳತೊಡಗಿತು. ಮೂವತ್ತಮೂರು ವರ್ಷದ ರೂಢಿ. ಅವಳು ಬಲಗೈಯನ್ನು ಸ್ಟಿಯರಿಂಗಿನಿಂದ ತೆಗೆದು ತನ್ನ ಮಂಡಿಯ ಮೇಲಿಟ್ಟು ಅದುಮಿ ಹಿಡಿದಳು. ಉದ್ದಣ್ಣನಿಗೆ ಹೀಗೆ ಅದುಮಲು ಯಾರಿದ್ದರು?

ಅಡಿಯಿಂದ ಕಟಕಟ ಸದ್ದು ಬಂತು. ಬ್ರೇಕ್ ಬಿತ್ತು, ಬಲಚಕ್ರಕ್ಕೆ ಜೀವ ಬಂತು, ಲಾರಿ ಮುಂದೆ ಸರಿಯಿತು. ಉದ್ದಣ್ಣ ನಿಂತ ಜಾಗ ಬಂತು. ಅದನ್ನೂ ದಾಟಿತು.

"ನೋಡಿದ್ರಾ?" ಅಂದ ಎಂಜಿನಿಯರ್.

ಹತ್ತಿಬಿಡುತ್ತದೆ ಇದು. ಕೆಳಗೆ ಗಂಡ ನಿಂತಿದ್ದಾನೆ. ಈಗ ಕಾಲೆತ್ತಿದರೆ ಲಾರಿ ಜಾರುತ್ತದೆ, ಈ ಎಂಜಿನಿಯರಿಗೆ ಏನೋ ಒಂದು ಹೇಳಿದರಾಯಿತು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಉರಿ ಎದ್ದಿತು. ಮೋಸದಿಂದ ಗೆದ್ದರೆ ಆ ಮೂರು ವಾಕ್ಯದ ಹಾಳೆಗೂ ತನಗೂ ಏನು ವ್ಯತ್ಯಾಸ? ಮಂಡಿಯನ್ನು ಇನ್ನೂ ಗಟ್ಟಿಯಾಗಿ ಅದುಮಿದಳು.

ಮುಕ್ಕಾಲು ಏರು ಹತ್ತಿದಾಗ ಮೂಗಿಗೆ ವಾಸನೆ ಬಡಿಯಿತು. ಕಾದ ಬ್ರೇಕಿನ ವಾಸನೆ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಮುಂದಿನ ಫಲಕದಲ್ಲಿ ಹಳದಿ ದೀಪ ಮಿಣುಕಿತು, ಆಮೇಲೆ ಮಿಣುಕುವುದು ಬಿಟ್ಟು ನೆಟ್ಟಗೆ ಉರಿಯಿತು. ಕಟಕಟ ಸದ್ದು ನಿಂತಿತು. ಎಡಚಕ್ರ ಲಂಗುಲಗಾಮಿಲ್ಲದೆ ಸುತ್ತತೊಡಗಿತು. ಬಲಚಕ್ರ ಅಳಿಯದೇವರಾಗಿ ಕೂತಿತು. ಎಂಜಿನ್ ಅರಚುತ್ತಿದ್ದಂತೆಯೇ ಲಾರಿ ನಿಂತಿತು, ಹಿಂದಕ್ಕೆ ಜಾರಿತು. ಎಂಜಿನಿಯರ್ ಎರಡೂ ಕೈಯಿಂದ ಮುಂದಿನ ಹಿಡಿ ಹಿಡಿದುಕೊಂಡ. ಟಣ್ ಎಂದು ಹಗ್ಗ ಬಿಗಿಯಿತು. ಲಾರಿ ಅಡ್ಡಡ್ಡ ನೇತಾಡಿಕೊಂಡು ನಿಂತಿತು.

"ಸಾಹೇಬ್ರೇ, ನನ್ನ ಕಾಲು ಎಲ್ಲಿದೆ ನೋಡಿ."

ಅವನು ಬಗ್ಗಿ ನೋಡಿದ. "ಪೆಡಲ್ ಮೇಲೆ."

"ಎತ್ತಿದೆಯಾ?"

"ಇಲ್ಲ. ಒತ್ತೇ ಇದೆ."

ಅವಳು ಆಗ ಕಾಲೆತ್ತಿ ಎಂಜಿನ್ ಆರಿಸಿದಳು. "ಯಾಕೆ ನಿಂತಿತು ಹೇಳಿ."

"ಬ್ರೇಕ್ ಜಾಸ್ತಿ ಕಾದ್ರೆ ಸಿಸ್ಟಮ್ ತನ್ನನ್ನ ತಾನೇ ಆರಿಸಿಕೊಳ್ಳುತ್ತೆ. ಬ್ರೇಕ್ ಸುಟ್ಟುಹೋಗಬಾರದು ಅಂತ. ಅದು ರಕ್ಷಣೆಗೆ."

"ಯಾರ ರಕ್ಷಣೆಗೆ?"

ಅವನು ಡ್ಯಾಶ್‌ಬೋರ್ಡಿನ ಗೂಡಿನಿಂದ ಲಾರಿಯ ಕೈಪಿಡಿ ತೆಗೆದ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿದಿರಲಿಲ್ಲ. ಅವನೇ ಹಲ್ಲಿನಿಂದ ಹರಿದು, ಪುಟ ಹುಡುಕಿ, ಓದಿ, ಮುಚ್ಚಿದ.

"ಏನಿದೆ ಅದರಲ್ಲಿ?"

"ಉದ್ದನೆ ಕಡಿದಾದ ಕೆಸರು ಏರಿಗೆ ಡಿಫರೆನ್ಷಿಯಲ್ ಲಾಕ್ ಇರೋ ಲಾರೀನೇ ಬಳಸಬೇಕು ಅಂತ." ಸ್ವಲ್ಪ ತಡೆದು ಹೇಳಿದ. "ಈ ಮಾಡೆಲ್‌ಗೂ ಲಾಕ್ ಬರುತ್ತೆ ಮೇಡಂ. ಆರ್ಡರ್ ಕೊಡುವಾಗ ಬೇಕು ಅಂತ ಗುರುತು ಹಾಕಬೇಕು. ಇಲ್ಲಿನ ಕಚೇರಿಯವರು ಬೇಡ ಅಂತ ಹಾಕಿದ್ದಾರೆ."

ತಲೆ ಇರುವ ಲಾರಿ ತನ್ನ ಬ್ರೇಕನ್ನು ಕಾಪಾಡಿಕೊಂಡಿತು. ತಲೆ ಇರುವ ಕಚೇರಿ ಒಂದು ಚೌಕದೊಳಗೆ 'ಬೇಡ' ಎಂದು ಗೀಟು ಹಾಕಿತು. ನಡುವೆ ಹೋದದ್ದು ಒಬ್ಬನ ಕಾಲು.

ಹೊಸ ಲಾರಿಯನ್ನು ಮೇಲೆಳೆದುಕೊಂಡ ಮೇಲೆ ಅವಳು ಇಳಿದು ಹೋಗಿ, ಹದಿನಾರು ವರ್ಷದ ಹಳೆಯ ಏಳನೇ ನಂಬರ್ ಲಾರಿ ಹತ್ತಿದಳು. ಅದಕ್ಕೂ ಅಷ್ಟೇ ಕಲ್ಲು ತುಂಬಿಸಿದ್ದಳು. ಬುಡದಲ್ಲಿ ನಿಲ್ಲಿಸಿ, ಲಾಕ್ ಎಳೆದು, ಬಟ್ಟೆ ಕಟ್ಟಿದಳು. ಮಂಡಿನೋವಿನ ಮುದುಕಿ ಗೊಣಗಿಕೊಂಡು ಮೆಟ್ಟಿಲು ಹತ್ತುವ ಹಾಗೆ ಆ ಲಾರಿ ಎಲ್ಲೂ ನಿಲ್ಲದೆ ಮೇಲೆ ಬಂತು. ಎಂಜಿನಿಯರ್ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಹನ್ನೊಂದಕ್ಕೆ ವಿಚಾರಣೆಯ ಕೋಣೆಯಲ್ಲಿ ಮ್ಯಾನೇಜರ್ ಹೊಸ ಹಾಳೆ ಟೈಪ್ ಮಾಡಿಸಿ ಇಟ್ಟಿದ್ದರು. ಎಂಜಿನಿಯರ್ ಮೊದಲೇ ಹೋಗಿ ಮಾತಾಡಿದ್ದ, ಅದು ಅವನ ದೊಡ್ಡತನ. ಮೂರನೇ ವಾಕ್ಯ ಬದಲಾಗಿತ್ತು. 'ಏರು ಮಳೆಯಿಂದ ಕೆಸರಾಗಿದ್ದದ್ದೇ ಅಪಘಾತಕ್ಕೆ ಕಾರಣ.'

"ಈಗ ಸಮಾಧಾನ ತಾನೆ? ಚಾಲಕನ ತಪ್ಪಿಲ್ಲ. ತೂಕದ ಕಟ್ಟೆ ಕೆಲಸಕ್ಕೂ ಬರೆದಿದ್ದೀನಿ. ರುಜು ಹಾಕಮ್ಮ."

ಅವಳು ಕನ್ನಡಕ ಹಾಕಿ ಓದಿದಳು. "ಇವತ್ತು ತಪ್ಪು ಏರಿನದ್ದಾ? ಏರು ಮೂವತ್ತಮೂರು ವರ್ಷದಿಂದ ನಾನು ನೋಡ್ತಾ ಇರೋ ಏರೇ ಸಾರ್. ಮಳೆಯೂ ಪ್ರತಿ ವರ್ಷ ಬರುತ್ತೆ, ಆರ್ಡರ್ ಕೊಡೋ ಅಗತ್ಯ ಇಲ್ಲ."

"ನೋಡಮ್ಮ, ಮೈದುನಂಗೆ ಬೇಕಾದ್ದು ಸಿಕ್ಕಿತಲ್ಲ. ಎಳೀಬೇಡ."

"ಇನ್ನೂ ಎಂಟು ಜನ ನಾಳೆ ಅದೇ ಏರು ಹತ್ತಬೇಕು."

ಪೆನ್ನು ತೆಗೆದು ಮೂರು ವಾಕ್ಯದ ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕನೆಯದನ್ನು ಬರೆದಳು: 'ಲಾಕ್ ಸಿಗುತ್ತಿತ್ತು, ಬೇಡ ಅಂದರು; ಅಂಗಳದಲ್ಲಿ ನೋಡಿ ನಾನೂ ಒಪ್ಪಿದೆ, ಅದು ನನ್ನ ತಪ್ಪು.' ಅದರ ಕೆಳಗೆ ರುಜು. ಮ್ಯಾನೇಜರ ಮುಖ ಕೆಂಪಾಯಿತು. ಬೇರೆ ಹಾಳೆ ಟೈಪ್ ಮಾಡಿಸಬಹುದಿತ್ತು, ಆದರೆ ಅದಕ್ಕೆ ಅವಳ ರುಜು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಳೆ ಕಡತಕ್ಕೆ ಸೇರಿತು.

ಮಧ್ಯಾಹ್ನದ ಪಾಳಿಗೆ ಎಂಟು ಹೊಸ ಲಾರಿಗಳೂ ಮೂರನೇ ಏರಿನ ಬುಡದಲ್ಲಿ ಸಾಲಾಗಿ ನಿಂತವು. ಎಲ್ಲ ಸ್ಟಿಯರಿಂಗಿಗೂ ಕೆಂಪು ಬಟ್ಟೆ. ಡ್ರೈವರುಗಳು ಕೆಳಗಿಳಿದು ಕಲ್ಲಿನ ಮೇಲೆ ಕೂತಿದ್ದರು. ಮೇಲ್ವಿಚಾರಕ ಬಂದು ಕೂಗಾಡಿದ. "ಲಾಕ್ ಹಾಕೋಕೆ ನಿಲ್ಲಿಸಿದ್ದೀವಿ ಸಾರ್, ಲಾಕ್ ಬಂದ ತಕ್ಷಣ ಹೊರಡ್ತೀವಿ," ಎಂದು ಒಬ್ಬ ಹೇಳಿದ. ಉಳಿದವರು ನಗಲಿಲ್ಲ.

ಸಂಜೆ ನಾಲ್ಕಕ್ಕೆ ಗ್ರೀಸಕ್ಕ ಆಸ್ಪತ್ರೆಗೆ ಹೋದಳು. ಉದ್ದಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಒಂದು ಕಡೆ ಬೇಗ ಮುಗಿದು ಚಪ್ಪಟೆಯಾಗಿತ್ತು.

"ಏನಂತ ಬರೆದ್ರು ಅತ್ತಿಗೆ?"

"ನಿನ್ನ ತಪ್ಪಿಲ್ಲ ಅಂತ. ತೂಕದ ಕಟ್ಟೆಯಲ್ಲಿ ಕೂರ್ತೀಯ. ಅಲ್ಲಿ ಬಾಗಿಲು ಗಿಡ್ಡ, ತಲೆ ಜೋಪಾನ."

ಅವನು ನಗಲಿಲ್ಲ. "ಅವರು ಏನಾದ್ರೂ ಬರೀಲಿ. ನಾನು ಕಾಲೆತ್ತಿದ್ದು ನಿಜ ತಾನೆ?"

"ನಿಜ. ನಾನು ಹೇಳಿಕೊಟ್ಟಿದ್ದೆ, ಎತ್ತಿದೆ."

"ಒತ್ತಿ ಹಿಡಿದಿದ್ರೆ?"

"ಇವತ್ತು ನಾನು ಒತ್ತಿ ಹಿಡಿದು ನೋಡಿದೆ. ನಿನಗಿಂತ ಅರವತ್ತು ಮಾರು ಮೇಲೆ ಹೋಯ್ತು. ಅಲ್ಲಿಂದ ಜಾರ್ತು. ನನಗೆ ಹಗ್ಗ ಇತ್ತು, ಬದುಕಿದೆ. ನೀನು ಒತ್ತಿದ್ರೆ ಅಲ್ಲಿಂದ ಬೀಳ್ತಿದ್ದೆ."

ಉದ್ದಣ್ಣ ಅವಳ ಕಡೆ ಮುಖ ತಿರುಗಿಸಿದ. ಆಮೇಲೆ ಮೆಲ್ಲಗೆ ಹೇಳಿದ:

"ಹತ್ತು ದಿನದಿಂದ ಇಲ್ಲದ ಪಾದದಲ್ಲಿ ಒತ್ತುತಾನೇ ಇದ್ದೀನಿ ಅತ್ತಿಗೆ. ಹಗಲೂ ರಾತ್ರಿ. ಅವತ್ತು ಒತ್ತಿದ್ರೆ ಏನಾಗ್ತಿತ್ತು ಅಂತ."

ಗ್ರೀಸಕ್ಕ ಹೊದಿಕೆಯ ಚಪ್ಪಟೆ ಜಾಗದ ಮೇಲೆ ತನ್ನ ಕಪ್ಪು ಅಂಗೈಯನ್ನು ಇಟ್ಟಳು.

"ಸಾಕು," ಅಂದಳು. "ಇನ್ನು ಎತ್ತು."